ಕಸದಲ್ಲಿ ಸಿಕ್ಕ ಹೃದಯ

"ಅದನ್ನ ಯಾಕೆ ಅಳಿಸಿದೆ?" ಎಂದು ಕೇಳಿದೆ.

ಬೆಸುಗೆ ಕೀಬೋರ್ಡಿನ ಮೇಲಿಂದ ಕೈ ತೆಗೆದ. "ಏನನ್ನ ಮೇಡಂ?"

"ಈಗ ತಾನೇ ಪರದೆ ಮೇಲೆ ಏನೋ ಎದ್ದೆದ್ದು ಕುಣೀತಾ ಇತ್ತು. ನೀನು ಒಂದು ಬಟನ್ ಒತ್ತಿದೆ. ಮಾಯ."

"ಅಯ್ಯೋ, ಅದಾ? ಅದು ಕಸ ಮೇಡಂ. ಹೃದಯ."

ಹೃದಯವನ್ನು ಕಸ ಎಂದು ಇಷ್ಟು ಸಲೀಸಾಗಿ ಹೇಳುವವರನ್ನು ನಾನು ಪೊಲೀಸ್ ಠಾಣೆಯಲ್ಲೂ ಕಂಡಿರಲಿಲ್ಲ. ಅವನೇನು ಕಟುಕನಲ್ಲ. ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗದ ಹಿರಿಯ ಸಂಶೋಧನಾ ವಿದ್ಯಾರ್ಥಿ. ಕೈಯಲ್ಲಿ ಯಾವಾಗಲೂ ಬಿಸಿ ಕಡ್ಡಿ, ಮೂಗಿಗೆ ಯಾವಾಗಲೂ ಕರಗಿದ ಸೀಸದ ಹೊಗೆ. ಅದಕ್ಕೇ ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಬೆಸುಗೆ ಎನ್ನುತ್ತಾರೆ. ನಾನೇನೂ ಕಡಿಮೆಯಿಲ್ಲ, ಇಲಾಖೆಯಲ್ಲಿದ್ದಾಗ ನನ್ನನ್ನು ಜಿಗಣೆ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಕಚ್ಚುವ ಚಾಳಿ ಬಿಟ್ಟಿಲ್ಲ.

ಅವನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹುಡುಗಿ ಸೋಮವಾರದಿಂದ ನಾಪತ್ತೆ. ತನ್ನ ಥೀಸಿಸ್‌ಗೆ ರೋಗಿಗಳ ಸುಳ್ಳು ಸಿಗ್ನಲ್ ಸೃಷ್ಟಿಸಿ, ಸಿಕ್ಕಿಬೀಳುವ ಹೊತ್ತಿಗೆ ಓಡಿಹೋದಳು ಎಂದು ವಿಶ್ವವಿದ್ಯಾಲಯ ಹೇಳುತ್ತದೆ. ನನ್ನ ತಂಗಿ ಓಡಿಹೋಗುವವಳಲ್ಲ ಎಂದು ಅವಳ ಅಕ್ಕ ಹೇಳುತ್ತಾಳೆ.

ಅಕ್ಕ ಇದೇ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರ್ಸು. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬುಧವಾರ ನನ್ನ ಮನೆಗೆ ಬಂದು, ಎರಡೂ ಕೈ ಹಿಡಿದುಕೊಂಡು, "ಭಾನುವಾರ ಊಟಕ್ಕೆ ಕೂತಾಗ ನೋಡಿದ್ದೇ ಕೊನೆ ಮೇಡಂ, ಹೇಗಾದ್ರೂ ಹುಡುಕಿಕೊಡಿ" ಎಂದು ಅತ್ತವಳು. ನಾಳೆ ಬೆಳಗ್ಗೆ ವಿಚಾರಣಾ ಸಮಿತಿ ಕೂರುತ್ತದೆ. ಹುಡುಗಿ ಬರದಿದ್ದರೆ ತಪ್ಪು ಒಪ್ಪಿಕೊಂಡಂತೆ. ನನಗೆ ಸಮಿತಿಯ ಚಿಂತೆ ಅಷ್ಟಿರಲಿಲ್ಲ. ಹುಡುಗಿ ಬದುಕಿದ್ದಾಳೋ ಇಲ್ಲವೋ, ಅದೊಂದೇ ಎದೆಯಲ್ಲಿ ಕೊರೆಯುತ್ತಿತ್ತು.

"ನನಗೆ ಅರ್ಥವಾಗೋ ಹಾಗೆ ಹೇಳು," ಎಂದೆ. "ಹೃದಯ ಕಸ ಹೇಗಾಯ್ತು?"

ಬೆಸುಗೆ ಮೇಜಿನ ಮೇಲಿದ್ದ ಕೃತಕ ಕೈಯನ್ನು ನನ್ನತ್ತ ತಿರುಗಿಸಿದ. ಕಪ್ಪು ಪ್ಲಾಸ್ಟಿಕ್ ಬೆರಳುಗಳು, ಒಳಗೆ ತೆಳು ತಂತಿಗಳು. ಅದು ನನಗೆ ಹಸ್ತಲಾಘವ ಕೊಡಲು ಕಾದಿರುವಂತೆ ಬಿದ್ದಿತ್ತು.

"ತೋಳು ಬುಡದಿಂದಾನೇ ಹೋದವರಿಗೆ ಇದು ಮೇಡಂ. ತೋಳಿಲ್ಲದಿದ್ರೂ ಮುಷ್ಟಿ ಹಿಡೀಬೇಕು ಅಂದ್ಕೊಂಡ್ರೆ ಮೆದುಳಿಂದ ಅಪ್ಪಣೆ ಬರುತ್ತೆ. ತೋಳಿಗೆ ಹೋಗ್ಬೇಕಿದ್ದ ನರಾನ ಡಾಕ್ಟರು ಎದೆ ಸ್ನಾಯುಗೆ ಜೋಡಿಸಿರ್ತಾರೆ. ಅಪ್ಪಣೆ ಬಂದಾಗ ಎದೆ ಅದುರುತ್ತೆ. ಎದೆ ಮೇಲೆ ಅಂಟಿಸಿದ ಎಲೆಕ್ಟ್ರೋಡ್ ಅದನ್ನ ಹಿಡ್ಕೊಳ್ಳುತ್ತೆ. ಈ ಕೈ ಮುಷ್ಟಿ ಹಿಡಿಯುತ್ತೆ."

"ಸರಿ. ಹೃದಯ?"

"ಇವಳ ಥೀಸಿಸ್‌ನಲ್ಲಿರೋ ಆರೂ ರೋಗಿಗಳು ಎಡಗೈ ಕಳ್ಕೊಂಡವರು. ಎಡ ಎದೆ ಮೇಲೆ ಅಂಟಿಸ್ಬೇಕು. ಕೆಳಗೇ ಹೃದಯ. ನಾವು ಕೇಳಬೇಕಾದ್ದು ಸ್ನಾಯು ಪಿಸುಗುಟ್ಟೋದನ್ನ. ಇದು ಪಕ್ಕದಲ್ಲೇ ಡೋಲು ಬಡಿಯುತ್ತೆ. ಅದಕ್ಕೆ ಫೈಲ್ ತೆಗೆದ ಕೂಡಲೇ ಫಿಲ್ಟರ್ ಹಾಕಿ ಹೃದಯಾನ ಬಿಸಾಕ್ತೀವಿ. ಮೊದಲ ವರ್ಷದಿಂದ ಅದೇ ಅಭ್ಯಾಸ. ಕೈ ತಾನಾಗೇ ಮಾಡುತ್ತೆ."

"ಎಲ್ಲರೂ?"

"ಎಲ್ಲರೂ. ನಮ್ಮ ಗೈಡ್ ಮೇಷ್ಟ್ರೂ ಅಷ್ಟೇ. ಇಲ್ಲಿ ಯಾರೂ ಫಿಲ್ಟರ್ ಇಲ್ಲದೆ ನೋಡಲ್ಲ."

ಕಸದ ಬುಟ್ಟಿಗೆ ಕೈ ಹಾಕದ ಪೊಲೀಸರು ಉಪ್ಪಿಲ್ಲದ ಅಡುಗೆಯಿದ್ದಂತೆ. ಅರ್ಧ ಆಯುಷ್ಯ ನಾನು ಜನ ಬಿಸಾಡಿದ್ದನ್ನೇ ಆಯ್ದು ಅನ್ನ ತಿಂದಿದ್ದೇನೆ.

"ಹಾಗಾದರೆ ಇವತ್ತು ನೋಡೋಣ," ಎಂದೆ. "ಆರು ಜನರದೂ ತೆಗಿ. ಫಿಲ್ಟರ್ ಬೇಡ. ಬರೀ ಕಸ."

ಅವನಿಗೆ ಇಷ್ಟವಿರಲಿಲ್ಲ. ಬಾಣಸಿಗನಿಗೆ ಅಡುಗೆಮನೆಯ ಚರಂಡಿ ತೋರಿಸು ಎಂದಷ್ಟು ಮುಜುಗರ. ಅಥವಾ ಬೇರೆ ಕಾರಣವಿತ್ತೋ? ನಾನು ಬಂದ ದಿನದಿಂದ ಇವನು ನನ್ನ ಕಣ್ಣು ತಪ್ಪಿಸುತ್ತಿದ್ದಾನೆ ಎಂಬುದನ್ನು ನಾನು ಮರೆತಿರಲಿಲ್ಲ. ಈ ಲ್ಯಾಬಿನಲ್ಲಿ ನಂಬಬಹುದಾದ ಕೈ ಎಂದರೆ ಸದ್ಯಕ್ಕೆ ಮೇಜಿನ ಮೇಲಿದ್ದ ಆ ಪ್ಲಾಸ್ಟಿಕ್ ಕೈ ಒಂದೇ.

ಮೊದಲ ರೋಗಿಯ ಗೆರೆ ಪರದೆಯ ಮೇಲೆ ಹರಿಯಿತು. ಸ್ನಾಯುವಿನ ಸಣ್ಣ ಹುಲ್ಲಿನಂಥ ಗೀಚುಗಳ ನಡುವೆ ಹೃದಯದ ಮೊನೆಗಳು ಎದ್ದು ನಿಂತಿದ್ದವು. ಮೊನೆ, ಮೊನೆ, ಮೊನೆ. ಆಮೇಲೆ ಒಂದು ಅವಸರಪಟ್ಟು ಮುಂಚೆಯೇ ಬಂತು, ಅಗಲವಾಗಿ, ವಕ್ರವಾಗಿ. ಅದರ ಹಿಂದೆ ಉದ್ದನೆಯ ಖಾಲಿ. ಮತ್ತೆ ಎಂದಿನ ನಡಿಗೆ.

"ಇದೇನು ಎಡವುತ್ತಲ್ಲ?"

"ಒಂದೊಂದು ಹೃದಯ ಹಾಗೆ ಮೇಡಂ. ನಡುವೆ ಒಂದು ಬಡಿತ ಮೊದಲೇ ಹೊಡೆದುಬಿಡುತ್ತೆ, ಆಮೇಲೆ ಸುಧಾರಿಸಿಕೊಳ್ಳುತ್ತೆ. ಪಾಪ, ಈ ರೋಗಿಗೆ ತೋಳಿನ ಜೊತೆ ಈ ತೊಂದರೇನೂ ಇದೆ."

"ಎರಡನೆಯದು?"

ಎರಡನೆಯ ರೋಗಿ ಹೆಂಗಸು ಎಂದು ಫೈಲಿನ ನೆತ್ತಿಯ ಮೇಲಿತ್ತು. ಸ್ನಾಯುವಿನ ಗೀಚು ಬೇರೆ, ತೆಳುವಾಗಿತ್ತು. ಹೃದಯ ಮೂರು ಹೆಜ್ಜೆ ನೇರ ನಡೆದು ಎಡವಿತು.

ಬೆಸುಗೆ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದ.

ಮೂರನೆಯ ರೋಗಿ ಹದಿಹರೆಯದವನು. ಎಡವಿತು. ನಾಲ್ಕನೆಯವನು ಮುದುಕ. ಎಡವಿತು. ಬೆಸುಗೆ ನನಗೆ ಹೇಳುವುದನ್ನು ನಿಲ್ಲಿಸಿ, ಉಳಿದೆರಡನ್ನೂ ತೆರೆದು, ತನ್ನಷ್ಟಕ್ಕೆ ತಾನೇ ಒಂದರ ಮೇಲೊಂದು ಗೆರೆಗಳನ್ನು ತಂದು ಕೂರಿಸತೊಡಗಿದ. ಆ ವಕ್ರ ಬಡಿತದ ಗೂನು, ಅದರ ಇಳಿಜಾರಿನಲ್ಲಿದ್ದ ಸಣ್ಣ ಕಚ್ಚು, ಎಲ್ಲವೂ ಒಂದರೊಳಗೊಂದು ಕೂತವು. ಅವನ ಕಿವಿ ಕೆಂಪಾಯಿತು.

"ಆರು ಜನಕ್ಕೂ ಒಂದೇ ಹೃದಯ," ಎಂದ.

"ಅಂದರೆ?"

"ಅಂದರೆ ಆರು ಜನ ಇಲ್ಲವೇ ಇಲ್ಲ ಮೇಡಂ. ಯಾರೋ ಒಬ್ಬರು ಎದೆಗೆ ಅಂಟಿಸ್ಕೊಂಡು, ಒಂದು ಸಲ ಬಿಗಿಯಾಗಿ, ಒಂದು ಸಲ ಸಡಿಲವಾಗಿ, ಎಲೆಕ್ಟ್ರೋಡ್ ಆ ಕಡೆ ಈ ಕಡೆ ಸರಿಸಿ, ಆರು ಜನ ಆಗಿದ್ದಾರೆ. ಸ್ನಾಯು ವಿಷಯದಲ್ಲಿ ಭಾರೀ ಹುಷಾರು. ಹೃದಯ ಮರೆತಿದ್ದಾರೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಕೇಳಿದ್ದೇನೆ. ಇಲ್ಲಿ ಮನೆ ಮಂದಿಯೆಲ್ಲಾ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಹೃದಯವನ್ನು ಬಿಸಾಡುವುದೇ ಕಸುಬಾದ ಮನೆಯಲ್ಲಿ ಮಾತ್ರ ನಡೆಯುವ ತಪ್ಪು ಇದು.

"ಯಾರ ಹೃದಯ?" ಎಂದೆ.

ಅವನು ಎದ್ದು ಗೋಡೆಯ ಬಳಿ ಹೋದ. ನಾನು ಹಿಂಬಾಲಿಸಿದೆ.

ಆ ಲ್ಯಾಬಿನ ಪದ್ಧತಿಯೊಂದಿದೆ. ಹೊಸದಾಗಿ ಸೇರಿದವರು ಮೊದಲ ವಾರ ತಮ್ಮ ಕೈಯಾರೆ ಒಂದು ಸಣ್ಣ ಯಂತ್ರ ಕಟ್ಟಿ, ಅದರಲ್ಲಿ ತಮ್ಮ ಹೃದಯದ ಗೆರೆಯನ್ನೇ ತೆಗೆಯಬೇಕು. ಆ ಪಟ್ಟಿಯನ್ನು ಗೋಡೆಗೆ ಪಿನ್ ಮಾಡುತ್ತಾರೆ. ಕುಟುಂಬದ ಫೋಟೊಗಳಿರಬೇಕಾದ ಕಡೆ ಇಲ್ಲಿ ಸಾಲು ಸಾಲು ಎದೆಬಡಿತಗಳು. ಎಲ್ಲಕ್ಕಿಂತ ಮೇಲೆ ಮೇಷ್ಟ್ರದ್ದು. ಇಪ್ಪತ್ತರ ವಯಸ್ಸಿನಲ್ಲಿ ತೆಗೆದದ್ದಂತೆ, ಹಳದಿಗಟ್ಟಿದೆ, ಗೆರೆ ಮಾತ್ರ ಕುದುರೆಯ ಓಟದಂತೆ ನೇರ.

"ಇದು ಅವಳದು," ಎಂದು ಬೆಸುಗೆ ಕೆಳಸಾಲಿನ ಪಟ್ಟಿಯ ಮೇಲೆ ಬೆರಳಿಟ್ಟ. ನೇರ, ಅಚ್ಚುಕಟ್ಟು. ಎಡವಿಲ್ಲ, ಕಚ್ಚಿಲ್ಲ, ಬಡಿತದ ಆಕಾರವೇ ಬೇರೆ.

"ಇದು ನಂದು. ಬೇಕಾದ್ರೆ ಈಗ್ಲೇ ಇನ್ನೊಂದ್ಸಲ ತೆಗೆದು ತೋರಿಸ್ತೀನಿ." ಹೇಳಿದ್ದಷ್ಟೇ ಅಲ್ಲ, ಅಂಗಿ ಬಿಚ್ಚಿ, ಎಲೆಕ್ಟ್ರೋಡ್ ಅಂಟಿಸಿಕೊಂಡು ತೋರಿಸಿಯೂ ಬಿಟ್ಟ. ಅವನ ಹೃದಯ ಗಾಬರಿಯಲ್ಲಿ ಓಡುತ್ತಿತ್ತು, ಎಡವುತ್ತಿರಲಿಲ್ಲ.

"ಅವಳಲ್ಲ ಮೇಡಂ," ಎಂದು ಗುಂಡಿ ಹಾಕಿಕೊಳ್ಳುತ್ತಾ ಅವನು ನಕ್ಕ. ನಾನು ಬಂದ ಮೇಲೆ ಮೊದಲ ಬಾರಿಗೆ ನಗುತ್ತಿದ್ದ. "ಅವಳು ಮಾಡಿಲ್ಲ! ಇದನ್ನ ಈಗ್ಲೇ ಹೇಳಿದ್ರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಆದ್ರೂ..."

ಅಲ್ಲಿಗೆ ಬಾಯಿ ಮುಚ್ಚಿದ. ಆದರೆ ಬಾಯಿಂದ ಹೋದ ಮಾತು ಬಿಲ್ಲಿಂದ ಹೋದ ಬಾಣ.

"ಯಾರಿಗೆ ಹೇಳಿದರೆ?" ಎಂದೆ.

"ಅದು... ಮಾತಿಗೆ ಅಂದೆ."

"ಕಾಣೆಯಾದವಳು ರಾತ್ರಿ ನಿದ್ದೆ ಮಾಡಲ್ಲ ಅನ್ನೋದು ನಿನಗೆ ಹೇಗಪ್ಪಾ ಗೊತ್ತು?"

ಅವನು ಕೃತಕ ಕೈಯ ಬೆರಳನ್ನು ಹಿಡಿದು ಮಡಿಸಿದ, ಬಿಡಿಸಿದ. ನಾನು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಕೂತೆ. ಜಿಗಣೆ ಎಂಬ ಹೆಸರು ಸುಮ್ಮನೆ ಬರುವುದಿಲ್ಲ. ಬೈಯಲಿಲ್ಲ, ಬೆದರಿಸಲಿಲ್ಲ, ಸುಮ್ಮನೆ ಅವನನ್ನೇ ನೋಡುತ್ತಾ ಕೂತೆ.

"ನಮ್ಮಜ್ಜಿ ಮನೇಲಿದ್ದಾಳೆ," ಎಂದ ಕೊನೆಗೆ. "ಬಸ್ ಡಿಪೊ ಹಿಂದಿನ ರಸ್ತೆ, ಕೊನೇ ಮನೆ. ಸೋಮವಾರ ಮಧ್ಯಾಹ್ನ ಬಂದಳು, ಬರೀ ಕೈಯಲ್ಲಿ. ಏನಾಯ್ತು ಅಂದ್ರೆ ಹೇಳಲ್ಲ, ಅಳ್ತಾಳೆ. ಸಮಿತಿ ದಿನ ನಾನೇ ಹೋಗಿ ಎಲ್ಲಾ ಹೇಳ್ತೀನಿ, ಅಲ್ಲೀವರೆಗೆ ಯಾರಿಗೂ ಹೇಳ್ಬೇಡ ಅಂದಿದ್ದಾಳೆ. ಯಾರಿಗೂ ಅಂದ್ರೆ ಯಾರಿಗೂ."

ಬದುಕಿದ್ದಾಳೆ! ನನಗೆ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಣ್ಣು ತೇವವಾಯಿತು. ಕೆರೆ, ಬಾವಿ, ರೈಲು ಹಳಿ ಎಂದು ಎಲ್ಲಾ ಕಡೆ ಮನಸ್ಸಿನಲ್ಲೇ ಹುಡುಕಿ ಹುಡುಕಿ ಸಾಕಾಗಿತ್ತು. ಮೊದಲು ನೆನಪಾದದ್ದು ಅಕ್ಕ. ಫೋನ್ ತೆಗೆದೆ.

"ಬೇಡ ಮೇಡಂ," ಎಂದು ಬೆಸುಗೆ ಎದ್ದ. "ಮಾತು ಕೊಟ್ಟಿದ್ದೀನಿ."

"ಅಕ್ಕ ಅಂದ್ರೆ ಯಾರೋ ಅಲ್ಲ ಕಣಪ್ಪ. ಸಾಕಿದ ತಾಯಿ ಇದ್ದ ಹಾಗೆ. ಒದ್ದಾಡ್ತಿದ್ದಾಳೆ."

ಅಕ್ಕ ಮೊದಲ ರಿಂಗಿಗೇ ಎತ್ತಿದಳು. ಹೇಳಿದೆ. ವಿಳಾಸ ಕೇಳಿದಳು. ಎರಡನೆಯ ಸಲ ಹೇಳಿಸಿಕೊಂಡಳು.

"ಅವಳು ಏನಾದ್ರೂ ಹೇಳಿದ್ಲಂತಾ ಮೇಡಂ?"

"ಇಲ್ಲಮ್ಮ. ಬರೀ ಅಳ್ತಾಳಂತೆ."

"ಆಯ್ತು. ಡ್ಯೂಟಿ ಬೇರೆಯವರಿಗೆ ಒಪ್ಪಿಸಿ ಈಗ್ಲೇ ಹೋಗ್ತೀನಿ. ಆಸ್ಪತ್ರೆಗೆ ಹತ್ತಿರಾನೇ. ನಿಮ್ಮ ಉಪಕಾರ ಮರೆಯಲ್ಲ."

ಫೋನ್ ಇಟ್ಟು ಬೆಸುಗೆಯ ಮುಖ ನೋಡಿದೆ. ಗಂಟಿಕ್ಕಿಕೊಂಡಿದ್ದ. "ಈ ಫೈಲುಗಳ ಎರಡು ಪ್ರತಿ ಮಾಡು, ಯಾರನ್ನೂ ಒಳಗೆ ಬಿಡಬೇಡ," ಎಂದು ಅವನಿಗೆ ಕೆಲಸ ಹಚ್ಚಿ, ಪಕ್ಕದ ಕೋಣೆಯತ್ತ ನಡೆದೆ. ಎಡವುವ ಹೃದಯದ ಯಜಮಾನ ಇನ್ನೂ ಸಿಕ್ಕಿರಲಿಲ್ಲ. ಗೋಡೆಯ ಮೇಲಿನ ಪಟ್ಟಿಗಳಲ್ಲಿ ಯಾರದೂ ಎಡವುತ್ತಿರಲಿಲ್ಲ ನಿಜ. ಆದರೆ ಒಬ್ಬರ ಪಟ್ಟಿ ಮಾತ್ರ ಬಹಳ ಹಳೆಯದು. ಇಪ್ಪತ್ತರಲ್ಲಿ ಕುದುರೆಯಂತೆ ಓಡಿದ್ದು ಅರವತ್ತರ ಹತ್ತಿರಕ್ಕೂ ಹಾಗೇ ಓಡಬೇಕೆಂದೇನಿಲ್ಲ.

ಬಾಗಿಲಲ್ಲಿ ಅರ್ಧ ಗಂಟೆ ಕಾದ ಮೇಲೆ ಮೇಷ್ಟ್ರು ಕ್ಲಾಸು ಮುಗಿಸಿ ಬಂದರು. ಹುಡುಗಿಗೆ ಗೈಡ್ ಅವರೇ, ಅವಳ ಮೇಲೆ ದೂರು ಬಂದಾಗ "ನನಗೇನೂ ಗೊತ್ತಿಲ್ಲ" ಎಂದು ಮೊದಲು ಕೈ ತೊಳೆದುಕೊಂಡವರೂ ಅವರೇ. ಮೆಟ್ಟಿಲು ಹತ್ತಿದ ದಣಿವಿಗೆ ಮೇಜಿನ ಅಂಚು ಹಿಡಿದು ನಿಂತಿದ್ದರು. ಮೇಜಿನ ಮೇಲೆ ಮುಚ್ಚಳ ತೆಗೆಯಬಹುದಾದ ಪ್ಲಾಸ್ಟಿಕ್ ಹೃದಯ, ಅದರ ಒಂದು ಕೋಣೆಯಲ್ಲಿ ಪೆನ್ನು, ಇನ್ನೊಂದರಲ್ಲಿ ಗುಂಡುಸೂಜಿ.

"ಪತ್ತೇದಾರಿಕೆ ಮುಗೀತಾ?" ಎಂದರು. ಕೂರಿ ಎನ್ನಲಿಲ್ಲ. ನಾನೇ ಕೂತೆ.

"ಮುಗೀತಾ ಬಂತು ಮೇಷ್ಟ್ರೇ. ಆರು ರೋಗಿಗಳಿಗೂ ಒಂದೇ ಹೃದಯ."

ಆರು ಗೆರೆಗಳನ್ನು ಒಂದರ ಮೇಲೊಂದು ಕೂರಿಸಿ ಬೆಸುಗೆ ಮುದ್ರಿಸಿಕೊಟ್ಟಿದ್ದ ಕಾಗದವನ್ನು ಮೇಜಿನ ಮೇಲೆ ಇಟ್ಟೆ.

"ಹಾಗಾದರೆ ಅವಳು ತನ್ನದನ್ನೇ ತೆಗೆದಿದ್ದಾಳೆ," ಎಂದರು. "ನನ್ನ ಅನುಮಾನವೂ ಅದೇ ಇತ್ತು."

"ಗೋಡೆ ಮೇಲಿನ ಅವಳ ಗೆರೆ ನೇರವಾಗಿದೆ."

"ಹಾಗಾದರೆ ಬೇರೆ ಯಾರದೋ. ಸ್ನೇಹಿತರಿರ್ತಾರೆ."

ನನ್ನ ಕಿವಿ ನೆಟ್ಟಗಾಯಿತು. ಹೊಸ ಗ್ರಾಫು ಕಂಡರೆ ಈ ಜನ ಊಟದ ತಟ್ಟೆ ಬಿಟ್ಟು ಏಳುತ್ತಾರೆ, ಮೂರು ದಿನದಿಂದ ನೋಡುತ್ತಿದ್ದೇನೆ. ಇವರು ಆ ಕಾಗದದತ್ತ ಕಣ್ಣು ಕೂಡ ಹಾಯಿಸಲಿಲ್ಲ. ಏನಿದೆ ಎಂದು ಮೊದಲೇ ಗೊತ್ತಿದ್ದವರು ಮಾತ್ರ ಹಾಗೆ ಕೂರಬಲ್ಲರು.

"ನೋಡೋದಿಲ್ವಾ?" ಎಂದೆ.

"ಆಮೇಲೆ ನೋಡ್ತೀನಿ. ಈಗ ನನಗೆ ಮೀಟಿಂಗ್ ಇದೆ."

ಅವರು ಕೆಳಗಿನ ಖಾನೆಯಿಂದ ಚೀಲ ತೆಗೆಯಲು ಬಗ್ಗಿದರು. ಮೇಲಿನ ಗುಂಡಿ ಬಿಚ್ಚಿತ್ತು. ಎಡ ಕೊರಳೆಲುಬಿನ ಕೆಳಗೆ ಚರ್ಮದ ಮೇಲೆ ಮಾಸುತ್ತಿದ್ದ ದುಂಡನೆಯ ಕೆಂಪು ಗುರುತೊಂದು ಕಂಡಿತು, ಅದರ ಅಂಚಿಗೆ ಕಪ್ಪಾದ ಅಂಟು. ಅಂಥದ್ದೇ ಗುರುತು ಸ್ವಲ್ಪ ಮುಂಚೆ ಬೆಸುಗೆಯ ಎದೆಯ ಮೇಲೆ ಎಲೆಕ್ಟ್ರೋಡ್ ಕಿತ್ತ ಜಾಗದಲ್ಲಿ ಮೂಡಿದ್ದನ್ನು ನೋಡಿದ್ದೆ.

"ಮೇಷ್ಟ್ರೇ, ಒಂದು ನಿಮಿಷ ಕೈ ಕೊಡಿ."

"ಯಾಕೆ? ಭವಿಷ್ಯ ಹೇಳ್ತೀರಾ?"

"ನಡೆದದ್ದು ಹೇಳ್ತೀನಿ."

ಅವರು ನಗಲು ನೋಡಿದರು. ನಾನು ಅಷ್ಟರಲ್ಲಿ ಮಣಿಕಟ್ಟು ಹಿಡಿದಾಗಿತ್ತು. ಹೆಣಗಳ ನಾಡಿ ಹಿಡಿದು ಹಿಡಿದು ಪಳಗಿದ ಬೆರಳು ನನ್ನದು, ಜೀವಂತ ನಾಡಿ ಅದಕ್ಕೆ ಹಬ್ಬ. ಬಡಿತ, ಬಡಿತ, ಬಡಿತ. ಆಮೇಲೆ ಒಂದು ಅವಸರದ ಸಣ್ಣ ತಟ್ಟು. ಆಮೇಲೆ ಏನೂ ಇಲ್ಲ. ನನ್ನ ಬೆರಳ ಕೆಳಗೆ ಮನುಷ್ಯ ಒಂದು ಕ್ಷಣ ಇಲ್ಲವಾದಂತೆ. ಮತ್ತೆ ಬಡಿತ.

ಅವರು ಕೈ ಎಳೆದುಕೊಳ್ಳಲಿಲ್ಲ. ಮುಖದ ಬಣ್ಣ ಇಳಿಯಿತು.

"ಹೃದಯ ನಿಮ್ಮದು," ಎಂದೆ.

"ಹೌದು."

"ಶಿಷ್ಯೆಯ ಥೀಸಿಸ್‌ಗೆ ಕಳ್ಳ ಸಿಗ್ನಲ್ ತುಂಬಿ, ಸಿಕ್ಕಿಬಿದ್ದಾಗ ಅವಳನ್ನೇ ಮುಂದೆ ತಳ್ಳಿದ್ರಿ. ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತು."

"ಇಲ್ಲ!" ಎಂದು ಅವರು ಕೂಗಿದರು. ಪಕ್ಕದ ಕೋಣೆಯಲ್ಲಿ ಬೆಸುಗೆಯ ಕುರ್ಚಿ ಕಿರುಗುಟ್ಟಿತು. ಅವರು ದನಿ ತಗ್ಗಿಸಿದರು. "ಹೃದಯ ನಂದು. ಕೆಲಸ ನಂದಲ್ಲ. ನನಗೆ ಗೊತ್ತಾಗಿದ್ದೇ ಸೋಮವಾರ."

"ನಿಮ್ಮ ಎದೆ ಮೇಲೆ ಎಲೆಕ್ಟ್ರೋಡ್ ಕೂತಿದ್ದು ನಿಮಗೇ ಗೊತ್ತಿಲ್ವಾ?"

"ಗೊತ್ತಿತ್ತು. ಅದು ಬೇರೆ ಕಾರಣಕ್ಕೆ." ಅವರು ಕುಸಿದು ಕೂತರು. "ಕಳೆದ ವರ್ಷ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದೆ. ಆಸ್ಪತ್ರೇಲಿ ದಾಖಲಾದ್ರೆ ವಿಶ್ವವಿದ್ಯಾಲಯಕ್ಕೆ ತಿಳಿಯುತ್ತೆ. ಆರೋಗ್ಯ ಸರಿಯಿಲ್ಲ ಅಂತ ಲ್ಯಾಬ್ ಕಿತ್ಕೊಂಡು ಮನೇಲಿ ಕೂರಿಸ್ತಾರೆ. ಈ ಲ್ಯಾಬ್ ಬಿಟ್ಟು ನನಗೆ ಬೇರೆ ಏನಿದೆ? ಆಗ ಒಬ್ಬ ನರ್ಸ್, ಹೊರಗೆ ಗೊತ್ತಾಗದ ಹಾಗೆ ನಾನೇ ಪರೀಕ್ಷೆ ಮಾಡ್ತೀನಿ ಸರ್ ಅಂದ್ಲು. ನಮ್ಮ ಲ್ಯಾಬಿನ ರೆಕಾರ್ಡಿಂಗ್ ಪೆಟ್ಟಿಗೇನೇ ತರ್ತಿದ್ಲು. ಎದೆಗೆ ಅಂಟಿಸ್ತಿದ್ಲು. ಬಿಗಿ ಮಾಡಿ ಸರ್, ಸಡಿಲ ಬಿಡಿ ಸರ್, ಭುಜ ಎತ್ತಿ ಸರ್ ಅಂತಿದ್ಲು. ಹೃದಯದ ಪರೀಕ್ಷೆ ಅಂದ್ಕೊಂಡೆ."

"ಪ್ರೊಫೆಸರ್ ನೀವು. ಹೃದಯದ ಪರೀಕ್ಷೆಗೆ ಯಾರಾದ್ರೂ ಭುಜ ಎತ್ತಿಸ್ತಾರಾ?"

"ಕಾಯಿಲೆ ಬಿದ್ದವನು ಪ್ರೊಫೆಸರ್ ಆಗಿರಲ್ಲ ಮೇಡಂ. ನರ್ಸ್ ಹೇಳಿದ್ದು ಕೇಳ್ತಾನೆ."

ಇದು ಸುಳ್ಳಿನ ದನಿಯಲ್ಲ. ನಂಬಲು ನನಗೆ ಮನಸ್ಸಿರಲಿಲ್ಲ, ಆದರೂ ಕಿವಿ ನಂಬಿತು.

"ನಿಮ್ಮ ಲ್ಯಾಬಿನ ಪೆಟ್ಟಿಗೆ ನರ್ಸ್ ಕೈಗೆ ಹೇಗೆ ಹೋಯ್ತು? ರೋಗಿಗಳ ಹತ್ತಿರ ಹೋಗಿ ರೆಕಾರ್ಡ್ ಮಾಡಿದ್ದು ಹುಡುಗಿ ಅಂತ ನೀವೇ ಸಹಿ ಹಾಕಿದ್ದೀರಿ."

"ಹಾಕಬಾರದಿತ್ತು. ಅವಳು ವಾರ್ಡಿನ ಬಾಗಿಲು ದಾಟಿದವಳೇ ಅಲ್ಲ. ಗಾಯ, ರಕ್ತ ಕಂಡರೆ ಮೂರ್ಛೆ ಹೋಗ್ತಾಳೆ. ಎಂಜಿನಿಯರ್ ಆಗಿ ಬುದ್ಧಿವಂತೆ, ಆಸ್ಪತ್ರೆ ಅಂದ್ರೆ ಕೈಕಾಲು ಆಡಲ್ಲ. ಅದಕ್ಕೆ ಪೆಟ್ಟಿಗೆ ಕಳಿಸ್ತಿದ್ಲು, ರೆಕಾರ್ಡ್ ಆಗಿ ವಾಪಸ್ ಬರ್ತಿತ್ತು. ಮನೆಯವರೇ ತಾನೇ, ಏನು ತಪ್ಪು ಅಂತ ನಾನೂ ಸುಮ್ಮನಿದ್ದೆ."

"ಮನೆಯವರು?"

ಮೇಷ್ಟ್ರು ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಮಗೆ ಗೊತ್ತಿಲ್ವಾ? ಆ ನರ್ಸ್ ಅಂದ್ರೆ ಅವಳ ಅಕ್ಕ."

ನಾನು ಕೂತ ಕುರ್ಚಿ ಕುರ್ಚಿಯಾಗಿಯೇ ಇತ್ತು. ಆದರೆ ಕಾಲ ಕೆಳಗೆ ನೆಲ ಇರಲಿಲ್ಲ.

"ಸೋಮವಾರ ಏನಾಯ್ತು? ಬೇಗ ಹೇಳಿ."

"ಬೆಳಗ್ಗೆ ಹುಡುಗಿ ಬಂದ್ಲು. ಆರೂ ಒಂದೇ ಹೃದಯ ಅಂತ ಹೇಗೋ ಕಂಡುಹಿಡಿದಿದ್ಲು. ನಿಮ್ಮ ಹಾಗೇ ಕೈ ಹಿಡಿದು ನಾಡಿ ನೋಡಿದ್ಲು. ನನ್ನ ಮೇಲೆ ಕೂಗಾಡ್ತಾಳೆ ಅಂದ್ಕೊಂಡೆ. ಅತ್ತಳು. 'ಸರ್, ಮೊದಲು ಒಳ್ಳೆ ಡಾಕ್ಟರ್ ಹತ್ರ ಹೋಗಿ' ಅಂದ್ಲು. ಆಮೇಲೆ, ನಿಮಗೆ ಎಲೆಕ್ಟ್ರೋಡ್ ಅಂಟಿಸೋರು ಯಾರು ಅಂತ ಕೇಳಿದ್ಲು. ಹೇಳಿದೆ. ಬ್ಯಾಗ್ ಕೂಡ ತಗೊಳ್ಳದೆ ಹೊರಟುಹೋದಳು."

"ಇಷ್ಟು ದಿನ ಇದನ್ನ ಹೊಟ್ಟೇಲಿಟ್ಕೊಂಡು ಕೂತಿದ್ರಾ? ನಿಮ್ಮ ಕಾಯಿಲೆ ಹೊರಗೆ ಬರುತ್ತೆ ಅಂತ ಆ ಮಗೂನ ಬೆಂಕಿಗೆ ಬಿಟ್ರಾ?"

ಅವರು ತಲೆ ತಗ್ಗಿಸಿದರು. ನನಗೆ ಆ ಕ್ಷಣದಲ್ಲಿ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೇ ಬಂತು. ಯಾರಿಗೂ ಹೇಳಬೇಡ ಎಂದು ಹುಡುಗಿ ಅಂಗಲಾಚಿದ್ದು ಯಾರೊಬ್ಬರ ಭಯಕ್ಕೋ, ಅವರಿಗೇ ನಾನು ವಿಳಾಸ ಕೊಟ್ಟಿದ್ದೆ. ಅದೂ ಎರಡೆರಡು ಸಲ ಬಿಡಿಸಿ ಹೇಳಿ. ಅಕ್ಕ ನನ್ನನ್ನು ನೇಮಿಸಿದ್ದು ತಂಗಿಗಾಗಿ ಹಂಬಲಿಸಿ ಅಲ್ಲ. ತಂಗಿ ನಾಳೆ ಸಮಿತಿಯ ಮುಂದೆ ಬಾಯಿ ಬಿಡುವ ಮೊದಲು ಅವಳು ಎಲ್ಲಿದ್ದಾಳೆಂದು ತಿಳಿಯಬೇಕಿತ್ತು. ಮೂಸಿ ಹಿಡಿಯುವ ನಾಯಿಯೊಂದು ಬೇಕಿತ್ತು, ನಾನು ಸಿಕ್ಕಿದೆ.

ಅಕ್ಕನ ನಂಬರಿಗೆ ಕರೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೊಮ್ಮೆ. ಎತ್ತಲಿಲ್ಲ.

"ಬೆಸುಗೆ!" ಎಂದು ಕೂಗಿದೆ. "ನಿಮ್ಮಜ್ಜಿ ಮನೆ ಫೋನ್ ನಂಬರ್!"

ಅವನು ಬಾಗಿಲಲ್ಲಿ ಪ್ರತ್ಯಕ್ಷನಾದ. ಗೋಡೆಯಾಚೆಯಿಂದ ಎಷ್ಟು ಕೇಳಿಸಿಕೊಂಡಿದ್ದನೋ, ಬೈಕಿನ ಕೀ ಕೈಯಲ್ಲೇ ಇತ್ತು. ನಂಬರನ್ನು ಒಂದೇ ಉಸಿರಿಗೆ ಹೇಳಿದ.

ಅಜ್ಜಿ ನಿಧಾನವಾಗಿ ಎತ್ತಿದರು. "ಯಾರು?"

"ಅಜ್ಜಿ, ನಿಮ್ಮ ಮೊಮ್ಮಗನ ಲ್ಯಾಬಿಂದ ಮಾತಾಡ್ತಿದ್ದೀನಿ. ಆ ಹುಡುಗಿ ಇದ್ದಾಳಾ?"

"ಇದ್ದಾಳಮ್ಮ. ಅವಳ ಅಕ್ಕ ಬಂದಿದ್ದಾಳೆ. ಎಷ್ಟು ಒಳ್ಳೆ ಹೆಣ್ಣುಮಗಳು! ಬಂದ ಕೂಡಲೇ ತಂಗೀನ ತಬ್ಕೊಂಡು ಅತ್ತಳು. ಹುಡುಗಿ ಮಾತ್ರ ಯಾಕೋ ಹೋಗು ಹೋಗು ಅಂತ ಕೊಸರಾಡಿದ್ಲು. ನಾಲ್ಕು ದಿನದಿಂದ ನಿದ್ದೆ ಇಲ್ಲ ನೋಡಿ. ಅಕ್ಕ ಒಂದು ಸೂಜಿ ಹಾಕಿದ್ಲು. ಈಗ ಹಾಯಾಗಿ ಮಲಗಿದ್ದಾಳೆ."

"ಅಜ್ಜಿ, ಅವಳನ್ನ ಎಬ್ಬಿಸಿ."

"ಎಬ್ಬಿಸ್ಬೇಡಿ ಅಂದಿದ್ದಾಳಮ್ಮ ಅಕ್ಕ."

"ಹಾಗಾದ್ರೆ ಹತ್ತಿರ ಹೋಗಿ ನೋಡಿ. ಎದೆ ಏರಿ ಇಳೀತಾ ಇದೆಯಾ ಅಂತ ನೋಡಿ ಹೇಳಿ. ದಮ್ಮಯ್ಯ ಅಂತೀನಿ."

"ತಡಿಯಮ್ಮ, ಕನ್ನಡಕ ಎಲ್ಲಿಟ್ನೋ."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ಚಪ್ಪಲಿ ಎಳೆಯುವ ಸದ್ದು, ದೂರ, ಇನ್ನೂ ದೂರ. ಮೇಷ್ಟ್ರು ಕುರ್ಚಿಯ ಅಂಚಿಗೆ ಬಂದಿದ್ದರು. ಆ ಕಡೆಯಿಂದ ಹೆಜ್ಜೆಗಳು ಮರಳಿದವು, ಆದರೆ ಇವು ಚಪ್ಪಲಿ ಎಳೆಯುತ್ತಿರಲಿಲ್ಲ. ಚುರುಕಾಗಿದ್ದವು.

"ಉಸಿರಾಡ್ತಿದ್ದಾಳೆ ಮೇಡಂ," ಎಂದಳು ಅಕ್ಕ. ಜ್ವರ ಎಷ್ಟಿದೆ ಎಂದು ಹೇಳುವ ನರ್ಸಿನ ದನಿ. "ಮೇಷ್ಟ್ರ ಹತ್ರ ಮಾತಾಡಿದ್ರಾ?"

"ಮಾತಾಡಿದೆ. ಅವಳಿಗೆ ಏನು ಚುಚ್ಚಿದ್ದೀಯಾ?"

"ನಿದ್ದೆಗೆ. ಎಷ್ಟು ಚುಚ್ಚಬೇಕು, ಎಷ್ಟು ಚುಚ್ಚಬಾರದು ಅಂತ ನನಗೆ ಗೊತ್ತು. ಸಿರಿಂಜ್ ಇನ್ನೂ ಕೈಯಲ್ಲೇ ಇದೆ."

"ಅವಳು ನಿನ್ನ ತಂಗಿ ಕಣಮ್ಮ."

"ತಂಗಿ ಅಲ್ಲ ಮೇಡಂ, ಮಗು. ರೋಗಿಗಳು ಯಾರೂ ಒಪ್ಪಲಿಲ್ಲ. ಪಿಎಚ್‌ಡಿ ನಿಂತುಹೋದ್ರೆ ಇವಳು ಒಡೆದುಹೋಗ್ತಾಳೆ ಅಂತ ಇವಳಿಗೋಸ್ಕರಾನೇ ಮಾಡಿದೆ. ಈಗ ಇವಳೇ ನಾಳೆ ಹೋಗಿ ನನ್ನ ಹೆಸರು ಹೇಳ್ತಾಳಂತೆ. ನಾನು ಜೈಲಿಗೆ ಹೋಗೋದನ್ನ ಇವಳು ನೋಡ್ತಾಳಂತೆ."

ಅವಳ ದನಿ ಮೊದಲ ಸಲ ಒಡೆಯಿತು. ಮತ್ತೆ ಗಟ್ಟಿಯಾಯಿತು.

"ನಾಳೆ ಸಮಿತಿ ಮುಂದೆ ನೀವು ಹೋಗಿ. ಆ ಹೃದಯ ಯಾರದು ಅಂತ ಹೇಳಿ. ಅದು ನಿಜ ತಾನೇ? ಯಾರು ಅಂಟಿಸಿದ್ದು ಅಂತ ಮಾತ್ರ ಹೇಳ್ಬೇಡಿ. ಮಿಕ್ಕಿದ್ದು ಅವರೇ ಅರ್ಥ ಮಾಡ್ಕೋತಾರೆ. ಮೇಷ್ಟ್ರಿಗೆ ಹೇಗೂ ವಯಸ್ಸಾಗಿದೆ. ಆ ಹುಡುಗನ್ನ ಬೈಕಲ್ಲಿ ಕಳಿಸ್ಬೇಡಿ. ರಸ್ತೆ ಕಿಟಕಿಯಿಂದ ಚೆನ್ನಾಗಿ ಕಾಣುತ್ತೆ. ನನ್ನ ಕೈಯಲ್ಲಿ ಇನ್ನೊಂದು ಸೂಜಿ ಹಾಕಿಸ್ಬೇಡಿ ಮೇಡಂ."

ಫೋನ್ ಕಟ್ಟಾಯಿತು.

ಬೆಸುಗೆ ಆಗಲೇ ಮೆಟ್ಟಿಲಿನತ್ತ ತಿರುಗಿದ್ದ. ನಾನು ಅವನ ತೋಳು ಹಿಡಿದುಕೊಂಡೆ, ಬೇಡ ಎಂದು ತಲೆಯಾಡಿಸಿದೆ.

"ಹುಡುಗಿ ಹುಷಾರಾಗಿದ್ದಾಳೆ ತಾನೇ?" ಎಂದು ಮೇಷ್ಟ್ರು ಕೇಳಿದರು. ಬಿಚ್ಚಿದ್ದ ಮೇಲಿನ ಗುಂಡಿಯನ್ನು ಹಾಕಿಕೊಳ್ಳುತ್ತಿದ್ದರು. ಫೋನಿನಲ್ಲಿ ತಮ್ಮ ಬಗ್ಗೆ ಏನು ತೀರ್ಮಾನವಾಯಿತೆಂದು ಅವರಿಗೆ ಗೊತ್ತಿರಲಿಲ್ಲ.

"ನಾಳೆ ಸಮಿತಿಗೆ ನಾನು ಏನು ಹೇಳ್ತೀನಿ ಅನ್ನೋದರ ಮೇಲೆ ನಿಂತಿದೆ ಮೇಷ್ಟ್ರೇ," ಎಂದೆ. ಅವರ ಮುಖ ನೋಡಲು ನನಗೆ ಆಗಲಿಲ್ಲ.